ಸೋಲಾ ಅಂದರೆ ಒಬ್ಬಳೇ

ಇಟಲಿಯಲ್ಲಿ ಊಟದ ಜಾಗಕ್ಕೆ ಹೋದರೆ ಬಾಗಿಲಲ್ಲೇ ಕೇಳುತ್ತಾರೆ: "ಸೋಲಾ?" ಮೊದಲೆರಡು ದಿನ ನನಗೆ ನಗು ತಡೆಯಲು ಆಗುತ್ತಿರಲಿಲ್ಲ. ಕನ್ನಡದ ಕಿವಿಗೆ ಅದು ಸೋಲಾ, ಗೆಲುವಾ ಎಂದು ವಿಚಾರಿಸಿದ ಹಾಗೇ ಇರುತ್ತದೆ. ಅವರ ಭಾಷೆಯಲ್ಲಿ ಅದರ ಅರ್ಥ "ಒಬ್ಬಳೇ?" ಎಂದು. ಬಂದವನು ಗಂಡಸಾದರೆ "ಸೋಲೋ". ನಾನು "ಸಿ, ಸೋಲಾ" ಅನ್ನುತ್ತಿದ್ದೆ. ಹೌದು, ಒಬ್ಬಳೇ. ಆತ ಒಳಗಿದ್ದವರಿಗೆ ಒಂದು ಬೆರಳೆತ್ತಿ ತೋರಿಸಿ, ಗೋಡೆ ಬದಿಯ ಸಣ್ಣ ಮೇಜಿನಿಂದ ಎರಡನೆಯ ಲೋಟವನ್ನೂ ಚಮಚವನ್ನೂ ಎತ್ತಿಕೊಂಡು ಹೋಗುತ್ತಿದ್ದ. ಅವನಿಗೆ ಬೇಕಾದದ್ದು ಕುರ್ಚಿಗಳ ಲೆಕ್ಕ. ಲೆಕ್ಕ ಸಿಕ್ಕಿದ ಮೇಲೆ ಪ್ರಶ್ನೆ ಮುಗಿಯಿತು.

ಇದೇ ಪ್ರಶ್ನೆಯನ್ನು ಊರಿನಲ್ಲಿ ಮೂರು ತಿಂಗಳು ಕೇಳಿಸಿಕೊಂಡಿದ್ದೆ. ಅಲ್ಲಿ ಅದು ಅಷ್ಟು ಬೇಗ ಮುಗಿಯುವುದಿಲ್ಲ.

"ಕಾನ್ಫರೆನ್ಸ್ ಉಂಟಾ?" ಎಂದಳು ಅಮ್ಮ.

"ಇಲ್ಲ."

"ಮತ್ತೆ ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಮತ್ತೆ ಎಂತಕ್ಕೆ ಮಾರಾಯ್ತಿ?"

"ಸುಮ್ಮನೆ."

ಈ ಸುಮ್ಮನೆ ಎಂಬ ಉತ್ತರ ನಮ್ಮ ಮನೆಯಲ್ಲಿ ಯಾರಿಗೂ ಜೀರ್ಣವಾಗಲಿಲ್ಲ. ನಮ್ಮ ಕುಟುಂಬದ ಹೆಂಗಸರು ಪ್ರಯಾಣ ಮಾಡದವರೇನಲ್ಲ. ಧರ್ಮಸ್ಥಳಕ್ಕೆ, ತಿರುಪತಿಗೆ, ಮದುವೆಗೆ, ಬೊಜ್ಜಕ್ಕೆ, ಆಸ್ಪತ್ರೆಯಲ್ಲಿ ಯಾರಿಗಾದರೂ ಜೊತೆ ಕೂರುವುದಕ್ಕೆ ಎಲ್ಲರೂ ಹೋಗುತ್ತಾರೆ. ವಿಮಾನ ಹತ್ತಿದ ಮೊದಲ ಹೆಂಗಸು ನನ್ನ ದೊಡ್ಡಮ್ಮ, ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ. ಆರು ತಿಂಗಳಿದ್ದು ಬಂದವಳ ಹತ್ತಿರ ಅಲ್ಲಿ ಏನೆಲ್ಲ ನೋಡಿದಿರಿ ಎಂದು ಕೇಳಿದರೆ, "ಪಾತ್ರೆ ತೊಳೆಯುವ ಮೆಷಿನ್" ಅಂದಳು. ತಮಾಷೆಗೆ ಹೇಳಿದ್ದಲ್ಲ, ಅವಳು ಹೆಚ್ಚಾಗಿ ನೋಡಿದ್ದು ಅದನ್ನೇ.

ದುಡ್ಡಿನ ವಿಷಯವೂ ಇತ್ತು. ನನ್ನ ಫೆಲೋಶಿಪ್ ತಿಂಗಳು ತಿಂಗಳು ಸರಿಯಾಗಿ ಬಂದಿದ್ದರೆ ಸರಿಯಾಗಿಯೇ ಖರ್ಚಾಗುತ್ತಿತ್ತು. ಏಳು ತಿಂಗಳ ಬಾಕಿ ಡಿಸೆಂಬರಿನಲ್ಲಿ ಒಟ್ಟಿಗೆ ಬಂದು ಬಿತ್ತು. ಎರಡು ಬಳೆ ಮಾಡಿಸು ಎಂದಳು ಅಮ್ಮ. ಬಂಗಾರ ಎಲ್ಲಿಗೂ ಹೋಗುವುದಿಲ್ಲ ಎಂಬುದು ಅವಳ ವಾದ. ನಿಜ, ಎಲ್ಲಿಗೂ ಹೋಗುವುದಿಲ್ಲ. ನಾನು ಮಾರ್ಚ್ ಕೊನೆಗೆ ಟಿಕೆಟ್ ತೆಗೆದೆ.

ವೀಸಾ ಅರ್ಜಿಗೂ ಅಮ್ಮನದ್ದೇ ಸಂಶಯ. ಪ್ರಯಾಣದ ಉದ್ದೇಶ ಎಂದು ಕೇಳಿ ಸಾಲಾಗಿ ಚೌಕಗಳನ್ನು ಕೊಟ್ಟಿರುತ್ತಾರೆ. ವ್ಯಾಪಾರ, ವ್ಯಾಸಂಗ, ಚಿಕಿತ್ಸೆ, ಬಂಧುಗಳ ಭೇಟಿ, ಪ್ರವಾಸ. ಪ್ರವಾಸಕ್ಕೆ ಗುರುತು ಹಾಕಿದರೂ ಯಾವ ದಿನ ಯಾವ ಊರು, ರಾತ್ರಿ ಎಲ್ಲಿ, ಬ್ಯಾಂಕಿನಲ್ಲಿ ಎಷ್ಟಿದೆ ಎಲ್ಲ ಬರೆದು ಕೊಡಬೇಕು. ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ. ಸುಮ್ಮನೆ ಹೋಗುವುದಕ್ಕೆ ಇಷ್ಟು ಕಾಗದ ಬೇಕಾಗುತ್ತದೆ ಎಂದು ನನ್ನ ಸಿನಾಪ್ಸಿಸ್ ಬರೆಯುವಾಗಲೂ ಅನಿಸಿರಲಿಲ್ಲ.

ಮಿಲಾನಿನಲ್ಲಿ ಮೊದಲ ಬೆಳಿಗ್ಗೆ ಅಮ್ಮ ಫೋನ್ ಮಾಡಿ ಎಲ್ಲಿದ್ದಿ ಎಂದಳು. "ಬಾರ್‌ನಲ್ಲಿ" ಅಂದೆ. ಆಗ ಎಂಟು ಗಂಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಇಟಲಿಯಲ್ಲಿ ಬಾರ್ ಎಂದರೆ ನಮ್ಮ ದರ್ಶಿನಿಯ ಹಾಗೆ, ನಿಂತು ಕಾಫಿ ಕುಡಿಯುವ ಜಾಗ ಎಂದು ವಿವರಿಸಿದೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಆದರೆ ಅದು ಖಂಡಿತ ದರ್ಶಿನಿಯೇ. ಆಫೀಸಿಗೆ ಹೊರಟವರು, ಪೊಲೀಸರು, ಶಾಲೆಗೆ ಮಕ್ಕಳನ್ನು ಬಿಟ್ಟು ಬಂದ ತಾಯಂದಿರು ಕೌಂಟರಿಗೆ ಆತು ನಿಂತು ಎರಡು ಗುಟುಕಿನ ಕಾಫಿ ಮುಗಿಸಿ ಹೊರಡುತ್ತಾರೆ. ಕೌಂಟರಿನಲ್ಲಿ ನಿಂತರೆ ಒಂದು ಬೆಲೆ, ಮೇಜಿನ ಮುಂದೆ ಕೂತರೆ ಇನ್ನೊಂದು. ಯೂರೋ ಒಂದಕ್ಕೆ 90 ರೂಪಾಯಿಯ ಮೇಲೆ ಲೆಕ್ಕ ಹಾಕುತ್ತ ಬದುಕುವವರಿಗೆ ನಿಲ್ಲುವುದೇ ಸುಖ. ಹತ್ತು ದಿನವೂ ನಾನು ನಿಂತೇ ಕುಡಿದೆ. ಮೂರನೆಯ ದಿನ ಅದೇ ಬಾರಿನಾಕೆ ನನ್ನನ್ನು ನೋಡಿ ಕೇಳದೆಯೇ ಕಪ್ಪು ತೆಗೆದಿಟ್ಟಾಗ ಆದ ಸಂತೋಷ, ನನ್ನ ಲೇಖನವೊಂದು ಪತ್ರಿಕೆಗೆ ಸ್ವೀಕೃತವಾದಾಗಲೂ ಆಗಿರಲಿಲ್ಲ.

ಆ ಕಾಫಿಯಲ್ಲಿ ನಮ್ಮ ಪಾಲೂ ಇದೆ ಎಂಬುದು ನನಗೆ ಇನ್ನೊಂದು ಖುಷಿ. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಅದನ್ನು ಕೊಳ್ಳುವ ದೇಶಗಳಲ್ಲಿ ಇಟಲಿ ಮುಂಚೂಣಿಯಲ್ಲಿದೆ. ಎಸ್ಪ್ರೆಸ್ಸೋ ಮೇಲಿನ ಕಂದು ನೊರೆ ದಪ್ಪಗೆ ನಿಲ್ಲಲೆಂದು ನಮ್ಮ ರೊಬಸ್ಟಾವನ್ನು ಬೆರೆಸುತ್ತಾರೆ. ಆ ಕಾಫಿ ಹಡಗು ಹತ್ತುವ ಬಂದರುಗಳಲ್ಲಿ ಪಣಂಬೂರಿನ ನವಮಂಗಳೂರು ಬಂದರೂ ಒಂದು. ಅಂದರೆ ಕಾಫಿಬೀಜ ನಮ್ಮೂರಿನಿಂದ ಇಲ್ಲಿಗೆ ಬರುತ್ತಲೇ ಇದೆ. ಒಬ್ಬಳೇ ಯಾಕೆ ಎಂದು ಅದನ್ನು ಯಾರೂ ಕೇಳಿರಲಾರರು.

ಮಿಲಾನಿನ ಬೀದಿಗಳಲ್ಲಿ ಕುಡಿಯುವ ನೀರಿನ ಹಸಿರು ಕಬ್ಬಿಣದ ಕಂಬಗಳಿವೆ. ಹಿತ್ತಾಳೆಯ ಡ್ರ್ಯಾಗನ್ ಬಾಯಿಂದ ಹಗಲೂ ರಾತ್ರಿ ಸಣ್ಣಗೆ ತಣ್ಣನೆಯ ನೀರು ಬೀಳುತ್ತಿರುತ್ತದೆ. ಬಾಟಲಿ ಹಿಡಿದು ತುಂಬಿಸಿಕೊಂಡರಾಯಿತು. ಜನ ಅದನ್ನು "ವೆದೊವೆಲ್ಲೆ" ಅನ್ನುತ್ತಾರೆ, ಅಂದರೆ ಪುಟ್ಟ ವಿಧವೆಯರು. ಎಂದೂ ನಿಲ್ಲದ ಕಣ್ಣೀರಂತೆ ನೀರು ಹರಿಯುವುದರಿಂದ ಆ ಹೆಸರಂತೆ. ಗಂಡ ಸತ್ತವಳಿಗೆ ಅಳುವುದೇ ಕೆಲಸ ಎಂದು ಈ ಊರಿನವರೂ ತೀರ್ಮಾನಿಸಿದ್ದಾರೆ ನೋಡಿ! ನೀರು ಮಾತ್ರ ಬಹಳ ಸಿಹಿ.

ಮಿಲಾನಿನಿಂದ ಬೊಲೋನ್ಯಾಕ್ಕೆ ವೇಗದ ರೈಲಿನಲ್ಲಿ ಒಂದು ಗಂಟೆಯ ಹಾದಿ. ನಾನು ಕಡಿಮೆ ದರದ ನಿಧಾನದ ರೈಲು ಹತ್ತಿದೆ. ಪಿಯಾಚೆಂಜಾ, ಪಾರ್ಮಾ, ರೆಜ್ಜೋ ಎಮಿಲಿಯಾ, ಮೊದೆನಾ. ಹೊರಗೆ ನಮ್ಮ ಕರಾವಳಿಯವರ ಕಣ್ಣಿಗೆ ಒಗ್ಗದಷ್ಟು ಚಪ್ಪಟೆಯಾದ ಬಯಲು. ಬೊಲೋನ್ಯಾ ನಿಲ್ದಾಣದಲ್ಲಿ ಇಳಿದು ಹೊರಬಂದರೆ ಗೋಡೆಯ ಗಡಿಯಾರವೊಂದು 10:25ಕ್ಕೆ ನಿಂತಿದೆ. ಅದು ಕೆಟ್ಟದ್ದಲ್ಲ, ನಿಲ್ಲಿಸಿದ್ದು. 1980ರ ಆಗಸ್ಟ್ 2ರಂದು ಆ ಹೊತ್ತಿಗೆ ನಿರೀಕ್ಷಣಾ ಕೊಠಡಿಯಲ್ಲಿ ಬಾಂಬು ಸಿಡಿದು 85 ಜನ ಸತ್ತರು. ಅವರಲ್ಲಿ ಬಹಳ ಮಂದಿ ಬೇಸಿಗೆ ರಜೆಗೆಂದು ಹೊರಟವರು. ಒಳಗೆ ಹೆಸರುಗಳನ್ನು ಕೆತ್ತಿದ ಕಲ್ಲಿದೆ. ಹೆಸರಿನ ಪಕ್ಕದಲ್ಲಿ ವಯಸ್ಸೂ ಇದೆ.

ಆ ಊರು ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಜಗಲಿಗಳಿಂದ. ಪೋರ್ತಿಕೋ ಎನ್ನುತ್ತಾರೆ. ಬೀದಿಯ ಎರಡೂ ಬದಿ ಮನೆಗಳ ಮೇಲಂತಸ್ತು ಮುಂದಕ್ಕೆ ಚಾಚಿಕೊಂಡು, ಅಡಿಯಲ್ಲಿ ಕಂಬಗಳು ನಿಂತು, ನಡೆಯುವವರಿಗೆ ನೆರಳಿನ ದಾರಿಯಾಗಿದೆ. ವಿಶ್ವವಿದ್ಯಾಲಯಕ್ಕೆ ಓದಲು ಬಂದವರಿಂದ ಊರು ತುಂಬಿ, ಜನ ತಮ್ಮ ಮನೆಗಳನ್ನು ಬೀದಿಯ ಮೇಲಕ್ಕೆ ಬೆಳೆಸಿದರು. ಬೇರೆ ಊರುಗಳು ಇಂಥದನ್ನು ಒತ್ತುವರಿ ಎಂದು ಕೆಡವಿದರೆ, ಬೊಲೋನ್ಯಾ 1288ರಲ್ಲಿ ಹೊಸ ಮನೆ ಕಟ್ಟುವವರೆಲ್ಲ ಪೋರ್ತಿಕೋ ಬಿಡಲೇಬೇಕು ಎಂದು ಕಾನೂನು ಮಾಡಿತು. ಕುದುರೆ ಸವಾರ ತಲೆ ತಗ್ಗಿಸದೆ ಹೋಗುವಷ್ಟು ಎತ್ತರವಿರಬೇಕು, ಜಾಗ ಮನೆಯವರದ್ದು, ನಡೆಯುವ ಹಕ್ಕು ಎಲ್ಲರದ್ದು. ಇವತ್ತು ಒಟ್ಟು ಸುಮಾರು 62 ಕಿಲೋಮೀಟರ್ ಇದೆ. 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ನಾನು ಹೋದ ಮರುದಿನ ಮಳೆ. ಮಂಗಳೂರಿನ ಮಳೆಯ ಮುಂದೆ ಅದು ಮಳೆಯೇ ಅಲ್ಲ ಬಿಡಿ. ಆದರೂ ಮಳೆ ಬರುತ್ತಿರುವಾಗ ಕೊಡೆ ಇಲ್ಲದೆ, ಓಡದೆ, ಅಂಗಡಿಯ ಶೀಟಿನ ಕೆಳಗೆ ಯಾರ ಕಣ್ಣಿಗೋ ಬಿದ್ದು ಮುದುಡಿ ನಿಲ್ಲದೆ, ಊರಿನ ಈ ತುದಿಯಿಂದ ಆ ತುದಿಯವರೆಗೆ ನಡೆದೆ. ಅಜ್ಜಿಮನೆಯ ಜಗಲಿಯಲ್ಲಿ ಕೂತು ಮಳೆ ನೋಡಿದವರಿಗೆ ಈ ಸುಖ ಗೊತ್ತು. ಆದರೆ ಆ ಜಗಲಿಯಲ್ಲಿ ಅಜ್ಜಿ ಕೂತದ್ದನ್ನು ನಾನು ನೋಡಿಲ್ಲ. ಅಲ್ಲಿ ಅಜ್ಜ ಕೂರುತ್ತಿದ್ದರು, ಬಂದವರು ಕೂರುತ್ತಿದ್ದರು. ಅಜ್ಜಿ ಬಾಗಿಲ ಹಿಂದೆ ನಿಂತು ಎಷ್ಟು ಲೋಟ ಚಾ ಬೇಕು ಎಂದು ತಲೆ ಎಣಿಸುತ್ತಿದ್ದಳು.

ಬೊಲೋನ್ಯಾದ ಜಗಲಿಯ ಕತೆಯೂ ಪೂರ್ತಿ ಬೇರೆಯಲ್ಲ. ಇಲ್ಲಿನ ಲಾವುರಾ ಬಾಸ್ಸಿ 1732ರಲ್ಲಿ, ಇಪ್ಪತ್ತರ ಹರೆಯದಲ್ಲಿ ಡಾಕ್ಟರೇಟ್ ಪಡೆದವಳು. ವಿಶ್ವವಿದ್ಯಾಲಯ ಅವಳಿಗೆ ಸಂಬಳದ ಹುದ್ದೆಯನ್ನೂ ಕೊಟ್ಟಿತು. ಆದರೆ ಹೆಂಗಸು ಬಹಿರಂಗವಾಗಿ ಪಾಠ ಮಾಡುವುದು ವಿಶೇಷ ಸಂದರ್ಭಗಳಲ್ಲಿ, ಅದೂ ಕರೆದಾಗ ಮಾತ್ರ ಎಂದು ಕಟ್ಟುಪಾಡು ಹಾಕಿತು. ಅವಳು ಮನೆಯಲ್ಲೇ ಪ್ರಯೋಗದ ಉಪಕರಣಗಳನ್ನು ಜೋಡಿಸಿಕೊಂಡು ದಶಕಗಳ ಕಾಲ ಭೌತವಿಜ್ಞಾನ ಕಲಿಸಿದಳು. 1776ರಲ್ಲಿ ಪ್ರಾಯೋಗಿಕ ಭೌತವಿಜ್ಞಾನದ ಪೀಠ ಸಿಕ್ಕಾಗ ಅವಳಿಗೆ ಸಹಾಯಕನಾಗಿ ನೇಮಕವಾದದ್ದು ಅವಳ ಗಂಡ. ಆ ಒಂದು ಸಂಗತಿಗಾಗಿ ಅವಳ ಹೆಸರಿನಲ್ಲಿ ನಾನೊಂದು ಹೆಚ್ಚಿನ ಕಾಫಿ ಕುಡಿದೆ.

ಆ ದಿನ ಮಧ್ಯಾಹ್ನ ಅದೇ ಕಂಬಗಳ ನಡುವೆ ಗದ್ದಲ ಎದ್ದಿತು. ಹುಡುಗಿಯೊಬ್ಬಳಿಗೆ ಆಗಷ್ಟೇ ಪದವಿ ಸಿಕ್ಕಿತ್ತು. ತಲೆಯ ಮೇಲೆ ಲಾರೆಲ್ ಎಲೆಗಳ ಕಿರೀಟ, ಕೆಂಪು ರಿಬ್ಬನ್. ಗೆಳೆಯರು ಅವಳನ್ನು ಸುತ್ತುವರಿದು "ದೊತ್ತೋರೆ, ದೊತ್ತೋರೆ" ಎಂದು ಕೂಗುತ್ತ ಹಾಡುತ್ತಿದ್ದರು. ಆ ಹಾಡಿನ ಮುಂದಿನ ಸಾಲು ಮನೆಯಲ್ಲಿ ಹೇಳುವಂಥದ್ದಲ್ಲ ಎಂದು ಆಮೇಲೆ ತಿಳಿಯಿತು. ಅವಳ ಅಜ್ಜಿ ಇರಬೇಕು, ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಐದನೆಯ ವರ್ಷದ ಪಿಎಚ್‌ಡಿ ವಿದ್ಯಾರ್ಥಿನಿಯಾದ ನಾನು ದೂರದಿಂದ ಆ ಎಲೆಗಳನ್ನು ಆಸೆಯಿಂದ ನೋಡಿದೆ. ನಮ್ಮ ಅಡುಗೆಮನೆಯ ಪಲಾವ್ ಎಲೆಯ ದೂರದ ನೆಂಟ ಅದು.

ಆಮೇಲೆ ಒಂದು ಸಣ್ಣ ಪಾರ್ಕಿನಲ್ಲಿ ಕೂರಲು ಬೆಂಚು ಹುಡುಕಿದೆ. ಸಿಕ್ಕ ಬೆಂಚಿಗೆ ಕೆಂಪು ಬಣ್ಣ ಬಳಿದಿತ್ತು. ಬೆನ್ನು ಆನಿಸುವ ಪಟ್ಟಿಯ ಮೇಲೆ 1522 ಎಂಬ ಅಂಕಿ. ಯಾವುದೋ ಇಸವಿ ಎಂದುಕೊಂಡು ಫೋನಿನಲ್ಲಿ ಹುಡುಕಿದರೆ, ಹಿಂಸೆಗೆ ಒಳಗಾದ ಹೆಂಗಸರು ಕರೆ ಮಾಡಬೇಕಾದ ನಂಬರು. ಗಂಡನ, ಪ್ರಿಯಕರನ ಕೈಯಲ್ಲಿ ಸತ್ತ ಹೆಂಗಸರ ನೆನಪಿಗೆ ಇಟಲಿಯ ಊರೂರಲ್ಲೂ ಹೀಗೊಂದು ಬೆಂಚಿಗೆ ಕೆಂಪು ಬಳಿಯುತ್ತಾರೆ. 2023ರ ನವೆಂಬರಿನಲ್ಲಿ ಪಾದೊವಾ ವಿಶ್ವವಿದ್ಯಾಲಯದ 22 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳನ್ನು ಅವಳ ಹಿಂದಿನ ಪ್ರಿಯಕರ ಕೊಂದ. ಅವಳ ಪದವಿಗೆ ಕೆಲವೇ ದಿನ ಉಳಿದಿತ್ತು. ದೇಶದುದ್ದಕ್ಕೂ ಹೆಂಗಸರು ಬೀದಿಗಿಳಿದರು. ಮುಂದಿನ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯ ಅವಳ ಪದವಿಯನ್ನು ಮನೆಯವರ ಕೈಗೆ ಕೊಟ್ಟಿತು. ಇದೆಲ್ಲವನ್ನೂ ಆ ಬೆಂಚಿನ ಮೇಲೆ ಕೂತೇ ಓದಿದೆ. ಎದ್ದುಹೋಗಬೇಕೋ, ಕೂತೇ ಇರಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರು ಹುಡುಗಿಯರು ಬಂದು ನನ್ನ ಪಕ್ಕದಲ್ಲಿ ಕೂತು ಒಂದೇ ಪೊಟ್ಟಣದಿಂದ ಚಿಪ್ಸ್ ತಿನ್ನತೊಡಗಿದರು. ನಾನೂ ಕೂತೆ. ಇಟಲಿಯಲ್ಲಿ ಹೆಂಗಸರಿಗೆ ಭಯವೇ ಇಲ್ಲ ಎಂದು ಬರೆದುಬಿಡುವುದು ಸುಲಭ. ಮಿಲಾನಿನ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ರಾತ್ರಿ ನಾನೂ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದೇ ನಡೆದಿದ್ದೆ.

ಊರ ಹೊರಗಿನ ಗುಡ್ಡದ ಮೇಲೆ ಸಾನ್ ಲೂಕಾ ಎಂಬ ಮಾತೆ ಮೇರಿಯ ಗುಡಿ ಇದೆ. ಅಲ್ಲಿಯವರೆಗೂ ಪೋರ್ತಿಕೋ ಹೋಗುತ್ತದೆ. ಸುಮಾರು ನಾಲ್ಕು ಕಿಲೋಮೀಟರ್, 666 ಕಮಾನುಗಳು. 1433ರಲ್ಲಿ ಬಿಡದೆ ಸುರಿದ ಮಳೆಗೆ ಬೆಳೆ ಹೋಗುವಂತಾದಾಗ ಮೇಲಿದ್ದ ಮೇರಿಯ ಚಿತ್ರಪಟವನ್ನು ಮೆರವಣಿಗೆಯಲ್ಲಿ ಊರಿಗೆ ಇಳಿಸಿ ತಂದರಂತೆ, ಮಳೆ ನಿಂತಿತಂತೆ. ಅಂದಿನಿಂದ ಪ್ರತಿ ವರ್ಷ ಆಕೆ ಇಳಿದು ಬರುತ್ತಾಳೆ. ಮಳೆ ನಿಲ್ಲಿಸಿದ ದೇವಿಯೇ ದಾರಿಯಲ್ಲಿ ನೆನೆಯಬಾರದೆಂದು 1674ರಲ್ಲಿ ಈ ಸೂರು ಕಟ್ಟಲು ಶುರುಮಾಡಿದರು. ಮಳೆ ಬರಲಿ ಎಂದು ಕಪ್ಪೆಗಳಿಗೆ ಮದುವೆ ಮಾಡಿಸುವ ನಾಡಿನಿಂದ ಬಂದವಳಿಗೆ ಈ ಲೆಕ್ಕಾಚಾರ ಚೆನ್ನಾಗಿ ಅರ್ಥವಾಗುತ್ತದೆ.

ಏರು ಕಡಿದಾದ ಕಡೆ ಒಬ್ಬರು ಅಜ್ಜಿ ಸಿಕ್ಕಿದರು. ನಾಲ್ಕು ಕಮಾನು ನಡೆದು ಒಮ್ಮೆ ನಿಲ್ಲುತ್ತಿದ್ದರು. ನಾನೂ ಏದುಸಿರು ಬಿಡುತ್ತಿದ್ದೆ, ಹಾಗಾಗಿ ಇಬ್ಬರ ನಿಲುಗಡೆಯೂ ಒಂದೇ ಕಡೆ ಬೀಳತೊಡಗಿತು. ಮೂರನೆಯ ಸಲ ನಿಂತಾಗ ಕಟ್ಟೆಯ ಮೇಲೆ ಕೂತು ಚೀಲದಿಂದ ಕಿತ್ತಳೆ ತೆಗೆದು ಸುಲಿದರು. ಒಳಗೆ ರಕ್ತದಂಥ ಕೆಂಪು. ಸಿಸಿಲಿಯ ಕಿತ್ತಳೆ. ಅರ್ಧ ಮುರಿದು ಕೈಗಿಟ್ಟರು. "ಸೋಲಾ?"

ಇದು ಕುರ್ಚಿಯ ಲೆಕ್ಕವಲ್ಲ. ಇದು ನಮ್ಮೂರಿನ ಪ್ರಶ್ನೆಯೇ. ಮುಂದಿನದ್ದಕ್ಕೆ ಮನಸ್ಸನ್ನು ಗಟ್ಟಿ ಮಾಡಿಕೊಂಡು "ಸಿ, ಸೋಲಾ" ಎಂದೆ.

"ಆಂಕೀಯೋ," ಎಂದರು. ನಾನೂ.

ಆಮೇಲೆ ಕಿತ್ತಳೆಯ ಬೀಜವನ್ನು ಹೇಗೆ ದೂರಕ್ಕೆ ಉಗಿಯಬೇಕೆಂದು ತೋರಿಸಿಕೊಟ್ಟರು. ನನ್ನದು ಮೊದಲ ಕಂಬವನ್ನೂ ದಾಟಲಿಲ್ಲ.

ಕೊನೆಯ ಮೂರು ದಿನ ಬೆರ್ಗಮೊ. ಅಲ್ಲಿಗೆ ಹೋಗಲು ಒಂದು ನೆಪ ಇತ್ತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿದವರಿಗೆ ಅಂತೋನಿಯೋ ಮೊಸ್ಕೇನಿಯ ಹೆಸರು ಗೊತ್ತಿರುತ್ತದೆ. ಗೋಡೆ, ಚಾವಣಿ ತುಂಬ ಚಿತ್ರ ಬರೆದ ಜೆಸ್ವಿಟ್ ಸಹೋದರ ಅವರು. ಬೆರ್ಗಮೊದ ಮಗ್ಗುಲಿನ ಸ್ಟೆಝಾನೊ ಎಂಬ ಊರಿನವರು. ಇಲ್ಲಿನ ಅಕಾಡೆಮಿಯಾ ಕರ್ರಾರಾದಲ್ಲಿ ಕಲಿತು, 1899ರ ಹೊತ್ತಿಗೆ ಮಂಗಳೂರಿಗೆ ಬಂದು, ಎರಡು ವರ್ಷಗಳಲ್ಲಿ ಆ ಕೆಲಸ ಮುಗಿಸಿದರು. ಅದರಲ್ಲಿ ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು. ಒಣಗುವುದಕ್ಕೂ ಬಣ್ಣ ಹಿಡಿಯುವುದಕ್ಕೂ ಗಳಿಗೆಯ ಲೆಕ್ಕವಿರುವ ಕೆಲಸ ಅದು. ಬಟ್ಟೆಯೇ ಒಣಗದ ನಮ್ಮ ಜೂನ್ ತಿಂಗಳಲ್ಲಿ ಅವರು ಏನು ಮಾಡಿದರೋ! ಊರಿಗೆ ಮರಳದೆ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಅವರು ಕಲಿತ ಕರ್ರಾರಾ ಈಗ ದೊಡ್ಡ ಕಲಾಸಂಗ್ರಹಾಲಯ. ಬೊತ್ತಿಚೆಲ್ಲಿ, ರಫಾಯೆಲ್ಲೋ ಎಲ್ಲರೂ ಇದ್ದಾರೆ. ನಾನು ಹೆಚ್ಚು ಹೊತ್ತು ನಿಂತದ್ದು ಮೊರೋನಿ ಬರೆದ ಒಂದು ಪುಟ್ಟ ಹುಡುಗಿಯ ಚಿತ್ರದ ಮುಂದೆ. ರೆದೆತ್ತಿ ಮನೆತನದ ಮಗು. ಹದಿನಾರನೆಯ ಶತಮಾನದ್ದು. ಮದುವೆಮನೆಗೆ ಹೊರಡಿಸಿದ ಹಾಗೆ ಭಾರದ ಉಡುಪು, ಕೊರಳಿಗೆ ಹಾರ. ಆ ಮಗುವಿನ ಮುಖದಲ್ಲಿ ಇದೆಲ್ಲ ಬಿಚ್ಚುವುದು ಯಾವಾಗ ಎಂಬ ಪ್ರಶ್ನೆ ಇದ್ದ ಹಾಗೆ ನನಗೆ ಕಂಡಿತು. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. "ಬಳೆ ಚಂದ ಉಂಟು" ಎಂದು ಉತ್ತರ ಬಂತು.

ಬೆರ್ಗಮೊ ಎಂದರೆ ಎರಡು ಊರು, ಕೆಳಗಿನದು ಮತ್ತು ಮೇಲಿನದು. ನಡುವೆ 1887ರಿಂದ ಓಡುತ್ತಿರುವ, ಹಗ್ಗ ಎಳೆಯುವ ಪುಟ್ಟ ರೈಲು. ಮೇಲಿನ ಊರಿನ ಸುತ್ತ ವೆನಿಸಿನವರು 1561ರಿಂದ ಕಟ್ಟಿಸಿದ ಆರು ಕಿಲೋಮೀಟರಿನಷ್ಟು ಕೋಟೆಗೋಡೆ. ಸಂಜೆ ಊರೆಲ್ಲ ಆ ಗೋಡೆಯ ಮೇಲೆ ತಿರುಗಾಡುತ್ತದೆ. ಚಾಕಲೇಟಿನ ಚೂರುಗಳು ಬೆರೆತ ಸ್ತ್ರಾಚಾತೆಲ್ಲಾ ಐಸ್‌ಕ್ರೀಮ್ ಹುಟ್ಟಿದ್ದು 1961ರಲ್ಲಿ ಈ ಊರಿನಲ್ಲೇ. ಹೆಸರು ಮಾತ್ರ ಒಂದು ಬಗೆಯ ಮೊಟ್ಟೆ ಸಾರಿನದ್ದು. ಮೂರು ದಿನಕ್ಕೆ ಐದು ಸಲ ತಿಂದೆ.

ನಾನಿರುವ ಹಾಸ್ಟೆಲಿನ ಗೇಟು ರಾತ್ರಿ ಎಂಟೂವರೆಗೆ ಬೀಳುತ್ತದೆ. ಲೈಬ್ರರಿ ಹತ್ತರವರೆಗೆ ತೆರೆದಿರುತ್ತದೆ. ಹುಡುಗರ ಹಾಸ್ಟೆಲಿನ ಗೇಟಿಗೆ ಬೀಗವಿದೆಯೋ ಇಲ್ಲವೋ ಯಾರೂ ನೋಡಿದವರಿಲ್ಲ. 28 ವರ್ಷದ ನಾನು ಪ್ರತಿ ಸಂಜೆ ರಿಜಿಸ್ಟರಿನಲ್ಲಿ ಬಂದ ಹೊತ್ತು ಬರೆದು ಸಹಿ ಹಾಕುತ್ತೇನೆ. ಹತ್ತು ನಿಮಿಷ ತಡವಾದರೆ ಮನೆಗೆ ಫೋನು ಹೋಗುತ್ತದೆ. ಹಾಗಾಗಿ ರಾತ್ರಿ ಎಂಬುದು ನನಗೆ ಕಿಟಕಿಯಲ್ಲಿ ಕಾಣುವ ವಸ್ತು.

ಬೆರ್ಗಮೊದ ಮೇಲಿನ ಊರಿನ ಚೌಕದಲ್ಲಿ ಒಂದು ಗೋಪುರವಿದೆ. ಅದರ ದೊಡ್ಡ ಗಂಟೆ ಪ್ರತಿ ರಾತ್ರಿ ಹತ್ತಕ್ಕೆ ನೂರು ಸಲ ಬಾರಿಸುತ್ತದೆ. ಹಿಂದೆ ಕೋಟೆಬಾಗಿಲು ಹಾಕುವ ಹೊತ್ತಾಯಿತು, ಎಲ್ಲರೂ ಮನೆ ಸೇರಿ ಎಂದು ತಿಳಿಸುವ ಗಂಟೆ ಅದು. ಈಗ ಬಾಗಿಲು ಹಾಕುವವರಿಲ್ಲ, ಗಂಟೆಯನ್ನು ಮಾತ್ರ ಬಿಟ್ಟಿಲ್ಲ. ಕೊನೆಯ ರಾತ್ರಿ ಚೌಕದ ನಡುವಿನ ಕಾರಂಜಿಯ ಕಟ್ಟೆಗೆ ಒರಗಿ, ಕೈಯಲ್ಲಿ ಐದನೆಯ ಐಸ್‌ಕ್ರೀಮ್ ಹಿಡಿದು ಕಾದೆ. ಗಂಟೆ ಶುರುವಾಯಿತು. ಯಾರೂ ಏಳಲಿಲ್ಲ. ಎದುರಿನ ಹೋಟೆಲಿನಲ್ಲಿ ಆಗಷ್ಟೇ ಬಂದ ನಾಲ್ವರು ಹೆಂಗಸರು ಕುರ್ಚಿ ಎಳೆದುಕೊಂಡು ಕೂತರು. ಮಗುವೊಂದು ಪ್ರತಿ ಏಟಿಗೂ ಕುಪ್ಪಳಿಸುತ್ತ ಇಪ್ಪತ್ತರ ಹೊತ್ತಿಗೆ ಸುಸ್ತಾಯಿತು. ನಾನು ಒಂದು ಕೈಯಲ್ಲಿ ಫೋನ್ ತೆಗೆದು ಆ ಸದ್ದನ್ನು ರೆಕಾರ್ಡ್ ಮಾಡಿ ಅಮ್ಮನಿಗೆ ಕಳಿಸಿದೆ. ಊರಲ್ಲಿ ಆಗ ನಡುರಾತ್ರಿ ದಾಟಿತ್ತು.

ಬೆಳಿಗ್ಗೆ ನೋಡಿದರೆ ಅವಳ ಉತ್ತರ ಬಂದಿತ್ತು.

"98 ಉಂಟು. ಎರಡು ಸಲ ಎಣಿಸಿದೆ. ಬಾಕಿ ಎರಡು ಎಲ್ಲಿ?"